ಐವತ್ತೊಂದು ಕೈಗಳ ನ್ಯಾಯ

ಎಲ್ಲರಿಗೂ ವೋಟು ಕೊಟ್ಟಾಯಿತಲ್ಲ, ಇನ್ನೇನು ನಿಮ್ಮ ಗಲಾಟೆ ಎಂದು ಕೇಳುವ ಸಜ್ಜನರಿದ್ದಾರೆ. ಪಂಚಾಯ್ತಿ ಕಟ್ಟೆಯಲ್ಲೂ ಇದ್ದಾರೆ, ಯೂನಿವರ್ಸಿಟಿ ಸ್ಟಾಫ್ ರೂಮಿನಲ್ಲೂ ಇದ್ದಾರೆ. ಅವರಿಗೆ ಉತ್ತರ ಹೇಳಲು ನಾವು ಈ ಸಲ ದೂರದ ಒಂದು ಸ್ಕೂಲ್ ಬೋರ್ಡಿನ ಕತೆ ಎತ್ತಿಕೊಂಡಿದ್ದೇವೆ.

ಅಮೆರಿಕದ ಮಿಸೌರಿ ರಾಜ್ಯ. ಸೇಂಟ್ ಲೂಯಿಸ್ ಪಕ್ಕದ ಫರ್ಗ್ಯುಸನ್. 2014ರ ಆಗಸ್ಟ್ 9ರಂದು ಮೈಕೆಲ್ ಬ್ರೌನ್ ಎಂಬ ಹದಿನೆಂಟರ ಕರಿಯ ಹುಡುಗನನ್ನು, ಕೈಯಲ್ಲಿ ಆಯುಧವಿಲ್ಲದವನನ್ನು, ಪೊಲೀಸಿನವನು ಗುಂಡಿಟ್ಟು ಕೊಂದ ಊರು. ಆ ಗುಂಡಿನ ಸದ್ದು ನಮ್ಮ ಹಾಸ್ಟೆಲ್‌ಗಳವರೆಗೂ ಕೇಳಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಕರಿಯರು ಎನ್‌ಎಎಸಿಪಿ ಸಂಘಟನೆಯ ಜೊತೆ ಸೇರಿ ಕೋರ್ಟಿಗೆ ಹಾಕಿದ ದಾವೆಯ ಸದ್ದು ಯಾರಿಗೂ ಕೇಳಿಸಲಿಲ್ಲ. ಅದರಲ್ಲಿ ರಕ್ತ ಇರಲಿಲ್ಲ ನೋಡಿ. ಬರೀ ವೋಟು ಹಾಕುವ, ಎಣಿಸುವ ಕ್ರಮದ ತಕರಾರು. ಫರ್ಗ್ಯುಸನ್-ಫ್ಲಾರಿಸೆಂಟ್ ಶಾಲಾ ಜಿಲ್ಲೆಯ ಬೋರ್ಡನ್ನು ಆರಿಸುವ ಪದ್ಧತಿ ಕರಿಯರ ವೋಟನ್ನು ನೀರು ಮಾಡುತ್ತಿದೆ ಎಂಬುದು ಅವರ ವಾದ. ಹಾಲಿಗೆ ನೀರು ಬೆರೆಸಿದಂತೆ. ಹಾಲು ಕಸಿದುಕೊಂಡಿಲ್ಲ ಅಂತ ಪ್ರಮಾಣ ಬೇರೆ ಮಾಡಬಹುದು.

ಅಮೆರಿಕದಲ್ಲಿ ಶಾಲಾ ಜಿಲ್ಲೆ ಎಂದರೆ ಸಣ್ಣ ಸರ್ಕಾರ. ದುಡ್ಡು ಎಲ್ಲಿಗೆ ಹೋಗಬೇಕು, ಯಾವ ಸ್ಕೂಲು ಮುಚ್ಚಬೇಕು, ಯಾರು ಮುಖ್ಯಾಧಿಕಾರಿ ಆಗಬೇಕು ಎಲ್ಲ ಬೋರ್ಡಿನದೇ ಮಾತು. ಈ ಜಿಲ್ಲೆಯ ಮಕ್ಕಳಲ್ಲಿ ನೂರಕ್ಕೆ ಹತ್ತಿರಹತ್ತಿರ ಎಂಬತ್ತು ಕರಿಯರ ಮಕ್ಕಳು. ಬೋರ್ಡಿನಲ್ಲಿ ಏಳು ಕುರ್ಚಿ. 2013ರ ನವೆಂಬರಿನಲ್ಲಿ, ಜಿಲ್ಲೆಯ ಮೊದಲ ಕರಿಯ ಮುಖ್ಯಾಧಿಕಾರಿ ಆರ್ಟ್ ಮೆಕಾಯ್ ಅವರನ್ನು ಕೆಲಸದಿಂದ ದೂರ ಇಟ್ಟಾಗ ಆ ಏಳರಲ್ಲಿ ಒಬ್ಬ ಕರಿಯನೂ ಇರಲಿಲ್ಲ. ಜನ ಎದ್ದರು. 2014ರ ಏಪ್ರಿಲ್ ಎಲೆಕ್ಷನ್ನಿಗೆ ಮೂವರು ಕರಿಯರು ನಿಂತರು. ಗೆದ್ದವರು ಒಬ್ಬರು.

ಆ ನೆಲದ ಚರಿತ್ರೆ ನೋಡಿ. 1847ರಲ್ಲಿ ಇದೇ ಮಿಸೌರಿ, ಕರಿಯರಿಗೆ ಓದು ಬರಹ ಕಲಿಸುವುದು ಅಪರಾಧ ಎಂದು ಕಾನೂನು ಮಾಡಿತ್ತು. ಕಿವಿಗೆ ಸೀಸ ಹೊಯ್ಯಿರಿ ಎಂದ ನಮ್ಮ ಶಾಸ್ತ್ರಕಾರರು ಇದನ್ನು ಓದಿದ್ದರೆ ಬೆನ್ನು ತಟ್ಟುತ್ತಿದ್ದರು. ಕಿನ್‌ಲಾಕ್ ಎಂಬ ಕರಿಯರ ಊರಿನ ಜೊತೆ ಒಂದೇ ಶಾಲಾ ಜಿಲ್ಲೆಯಲ್ಲಿ ಇರಲಾರೆವೆಂದು 1937ರಲ್ಲಿ ಬಿಳಿಯರು ಬರ್ಕ್ಲಿ ಎಂಬ ಬೇರೆ ಊರನ್ನೇ ಕಟ್ಟಿಕೊಂಡರು. ಮಕ್ಕಳು ಒಂದೇ ಮಣೆಯ ಮೇಲೆ ಕೂರಬಾರದೆಂದು ಹುಟ್ಟಿದ ಊರು ಅದು! ಕಿನ್‌ಲಾಕ್‌ನಿಂದ ಬರುವ ದಾರಿಗೆ ಫರ್ಗ್ಯುಸನ್‌ನವರು 1960ರ ದಶಕದವರೆಗೂ ಅಡ್ಡಗಟ್ಟಿದ್ದರು. ಕೇರಿಗೂ ಊರಿಗೂ ನಡುವಿನ ಬೇಲಿ ನಮಗೇನು ಹೊಸದಲ್ಲ. ಕೊನೆಗೆ 1975ರಲ್ಲಿ ಕೋರ್ಟು ಹೇಳಿ ಕಿನ್‌ಲಾಕ್, ಬರ್ಕ್ಲಿ ಎರಡನ್ನೂ ಫರ್ಗ್ಯುಸನ್-ಫ್ಲಾರಿಸೆಂಟ್‌ಗೆ ಸೇರಿಸಿತು. ಮಕ್ಕಳು ಒಂದಾದರು, ಸರಿ. ಆದರೆ ಕಿನ್‌ಲಾಕ್‌ನ ಜನ ತಮ್ಮದೇ ಆಗಿದ್ದ ಬೋರ್ಡು ಕಳಕೊಂಡು ದೊಡ್ಡ ಬೋರ್ಡಿನ ಬಾಗಿಲಲ್ಲಿ ನಿಂತರು.

ಈಗ ಲೆಕ್ಕ. ಎಲೆಕ್ಷನ್ ವಾರ್ಡುವಾರು ಅಲ್ಲ, ಇಡೀ ಜಿಲ್ಲೆಗೆ ಒಂದೇ. ಅದೂ ವರ್ಷಕ್ಕೆ ಎರಡೋ ಮೂರೋ ಸೀಟಿಗೆ ಮಾತ್ರ, ಜನ ಎಲೆಕ್ಷನ್ ಗುಂಗಿನಲ್ಲೇ ಇಲ್ಲದ ಏಪ್ರಿಲಿನಲ್ಲಿ. 2010ರ ಜನಗಣತಿಯಂತೆ ವೋಟಿನ ವಯಸ್ಸಿನವರಲ್ಲಿ ಬಿಳಿಯರು ಅರ್ಧಕ್ಕೆ ಕೂದಲೆಳೆ ಮೇಲೆ, ಕರಿಯರು ಅರ್ಧಕ್ಕೆ ಸ್ವಲ್ಪ ಕೆಳಗೆ. ನೂರು ಜನರ ಊರು ಅಂತಿಟ್ಟುಕೊಳ್ಳಿ ಮೇಷ್ಟ್ರೇ, 51 ಅವರು, 49 ನಾವು. ಮೂರು ಸೀಟು, ತಲೆಗೆ ಮೂರು ವೋಟು, ಒಬ್ಬ ಅಭ್ಯರ್ಥಿಗೆ ಒಂದೇ ಹಾಕಬೇಕು. ಅವರವರು ಅವರವರಿಗೇ ಹಾಕಿದರೆ? ಮೂರಕ್ಕೆ ಮೂರೂ ಅವರದೇ. 49 ಜನ ಆ ಕಡೆ ವೋಟೂ ಹಾಕಿದರು, ಈ ಕಡೆ ಸೊನ್ನೆಯೂ ಆದರು. ನಮ್ಮವನೊಬ್ಬನಾದರೂ ಗೆಲ್ಲಲಿ ಎಂದರೆ ಒಂದು ವೋಟು ಹಾಕಿ ಉಳಿದೆರಡನ್ನು ಬಿಸಾಡಬೇಕು. ಬಿಳಿಯನಿಗೆ ಮೂರು ವೋಟು, ಕರಿಯನಿಗೆ ಒಂದು. ಇದರ ಹೆಸರು ಸಮಾನತೆ.

ಬೋರ್ಡು ಸುಮ್ಮನಿರಲಿಲ್ಲ. ಕರಿಯರ ಸಂಖ್ಯೆ ಬೆಳೆದಿದೆ, ಅವರೇ ಈಗ ಹೆಚ್ಚು, ವೋಟು ಹಾಕಿ ಗೆಲ್ಲಲಿ ಎಂದು ವಾದಿಸಿತು. ಗೆಲ್ಲದಿದ್ದರೆ ತಪ್ಪು ನಿಮ್ಮದೇ ಅನ್ನುವ ಈ ಧಾಟಿ ನಮಗೆ ಹುಟ್ಟಿನಿಂದ ಪರಿಚಯ. ಸೀಟು ಇಲ್ಲದ್ದಕ್ಕೆ ನಮ್ಮ ಮೆರಿಟ್ಟು ಕಾರಣ, ನೀರು ಇಲ್ಲದ್ದಕ್ಕೆ ನಮ್ಮ ಸೋಮಾರಿತನ ಕಾರಣ!

2016ರ ಆಗಸ್ಟ್ 22ರಂದು ಜಡ್ಜ್ ರಾಡ್ನಿ ಸಿಪ್ಪೆಲ್ ತೀರ್ಪು ಕೊಟ್ಟರು. ಪದ್ಧತಿ ಕಾನೂನಿಗೆ ವಿರುದ್ಧ. ಯಾರೋ ದ್ವೇಷದಿಂದ ಬೇಕೆಂದೇ ಮಾಡಿದರು ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಈ ಮಾತನ್ನು ನಮ್ಮ ಕಾನೂನು ಓದುವ ಗೆಳೆಯರು ಗುರುತು ಹಾಕಿಕೊಳ್ಳಲಿ. 1965ರ ಮತದಾನ ಹಕ್ಕಿನ ಕಾಯ್ದೆಯ ಎರಡನೇ ಸೆಕ್ಷನ್ನಿಗೆ 1982ರಲ್ಲಿ ತಿದ್ದುಪಡಿ ಬಂತು: ಮನಸ್ಸಿನಲ್ಲಿ ಏನಿತ್ತು ಎಂದು ಸಾಬೀತು ಮಾಡಬೇಕಿಲ್ಲ, ಫಲ ಏನಾಯಿತು ನೋಡಿದರೆ ಸಾಕು. ನಮ್ಮಲ್ಲಿ ಯಾವನಾದರೂ ಬೇಕಂತ ಜಾತಿ ಮಾಡುತ್ತಾನೆಯೆ? ಎಲ್ಲರೂ ಒಳ್ಳೆಯವರೇ. ಅಷ್ಟೊಂದು ಒಳ್ಳೆಯವರ ನಡುವೆ ಲೋಟ ಮಾತ್ರ ಹೇಗೋ ಎರಡಾಗಿರುತ್ತದೆ.

ಪರಿಹಾರವಾಗಿ ಅದೇ ನವೆಂಬರಿನಲ್ಲಿ ಜಡ್ಜ್ ಆಜ್ಞೆ ಮಾಡಿದ್ದು ಕ್ಯುಮುಲೇಟಿವ್ ವೋಟಿಂಗ್, ಒಟ್ಟುಗೂಡಿಸಿ ಹಾಕುವ ವೋಟು. ಮೂರು ವೋಟನ್ನು ಮೂವರಿಗೆ ಹಂಚಿ, ಇಲ್ಲ ಮೂರನ್ನೂ ಒಬ್ಬರಿಗೇ ಹಾಕಿ. 49 ಜನರ 147 ವೋಟು ಒಬ್ಬರ ಮೇಲೆ ಬಿದ್ದರೆ, 153 ವೋಟು ಇಟ್ಟುಕೊಂಡವರು ಹೇಗೆ ಹಂಚಿಕೊಂಡರೂ ಆ ಒಬ್ಬರನ್ನು ತಡೆಯಲಾರರು. ಬೋರ್ಡು ಅಪೀಲು ಹೋಯಿತು. 2018ರ ಜುಲೈಯಲ್ಲಿ ಎಂಟನೇ ಸರ್ಕಿಟ್ ಕೋರ್ಟು ತೀರ್ಪನ್ನು ಎತ್ತಿಹಿಡಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಆ ಏಪ್ರಿಲಿನಲ್ಲಿ ಜನ ಹೊಸ ಕ್ರಮದಲ್ಲಿ ವೋಟು ಹಾಕಿದರು.

ಇದು ಅಮೆರಿಕದ ಸರಕು ಎಂದು ಪಕ್ಕಕ್ಕೆ ಇಡುವವರು ಸ್ವಲ್ಪ ನಿಲ್ಲಿ. ಈ ವೋಟು ನಮ್ಮ ನೆಲ ಕಂಡಿದೆ. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತಕ್ಷೇತ್ರ ಕೈಬಿಟ್ಟು ಹೋದ ಮೇಲೆ, 1937ರ ಬೊಂಬಾಯಿ ಪ್ರಾಂತದ ಎಲೆಕ್ಷನ್ನಿನಲ್ಲಿ ಒಂದಕ್ಕಿಂತ ಹೆಚ್ಚು ಸೀಟಿನ ಕ್ಷೇತ್ರಗಳಿಗೆ ಇದೇ ಪದ್ಧತಿ ಇತ್ತು. ಧಾರವಾಡ, ಬೆಳಗಾವಿ, ಬಿಜಾಪುರ ಆಗ ಆ ಪ್ರಾಂತದಲ್ಲೇ ಇದ್ದವು. ಬಾಬಾಸಾಹೇಬರು ಗೆದ್ದರು, ಅವರ ಸ್ವತಂತ್ರ ಕಾರ್ಮಿಕ ಪಕ್ಷವೂ ಗೆದ್ದು ಬಂತು. ಸ್ವಾತಂತ್ರ್ಯ ಬಂದ ಮೇಲೆ 1951-52ರ ಮೊದಲ ಮಹಾಚುನಾವಣೆಗೆ ಜೋಡಿ ಸೀಟಿನ ಕ್ಷೇತ್ರ ಉಳಿಯಿತು, ಒಟ್ಟುಗೂಡಿಸುವ ವೋಟು ಉಳಿಯಲಿಲ್ಲ. ಒಬ್ಬ ಅಭ್ಯರ್ಥಿಗೆ ಒಂದೇ ವೋಟು ಎಂದು ಬಿಗಿದರು. ಸಂವಿಧಾನ ಬರೆದ ಕೈ ಬೊಂಬಾಯಿ ಉತ್ತರದಲ್ಲಿ ಸೋತಿತು. ಇದೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಎಣಿಸುವ ಕ್ರಮವನ್ನು ಯಾರೋ ಆರಿಸುತ್ತಾರೆ ಎಂದಷ್ಟೇ ಹೇಳುತ್ತಿದ್ದೇವೆ. ಅದು ಮಳೆಯ ಹಾಗೆ ಆಕಾಶದಿಂದ ಬರುವುದಿಲ್ಲ.

ಕೋರ್ಟನ್ನು ನಂಬಿ ಕೂರಿ ಎಂದೂ ನಾವು ಹೇಳುವುದಿಲ್ಲ. ಫರ್ಗ್ಯುಸನ್‌ನ ಜನರ ಪರ ನಿಂತ ಅದೇ ಎಂಟನೇ ಸರ್ಕಿಟ್, 2023ರ ನವೆಂಬರಿನಲ್ಲಿ ಅರ್ಕಾನ್ಸಾ ರಾಜ್ಯದ ಕೇಸಿನಲ್ಲಿ ಬೇರೆ ಮಾತಾಡಿತು: ಈ ಸೆಕ್ಷನ್ನಿನ ಕೆಳಗೆ ಜನರಾಗಲಿ ಸಂಘಟನೆಯಾಗಲಿ ದಾವೆ ಹಾಕುವ ಹಾಗಿಲ್ಲ, ಸರ್ಕಾರದ ಅಟಾರ್ನಿ ಜನರಲ್ ಮಾತ್ರ ಹಾಕಬೇಕು. ಹೊಡೆಸಿಕೊಂಡವನು ದೂರು ಕೊಡುವಂತಿಲ್ಲ, ದೊರೆ ಕೊಟ್ಟರೆ ಉಂಟು. ಈ ಮಾತು 2014ರಲ್ಲೇ ಬಂದಿದ್ದರೆ ಫರ್ಗ್ಯುಸನ್ ದಾವೆ ಮೆಟ್ಟಿಲಿಂದಲೇ ವಾಪಸು.

ನಮ್ಮ ಕಡೆ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿ ಇರಬೇಕು, ಹಿಂದುಳಿಸಲ್ಪಟ್ಟವರಿಗೆ ಅವರ ಪ್ರಮಾಣದಷ್ಟು ಜಾಗ ಸಿಗಬೇಕು, ಅರ್ಧ ಹೆಂಗಸರಿರಬೇಕು ಎನ್ನುತ್ತದೆ. ಕಾಗದ ಚೆನ್ನಾಗಿದೆ. ನಿಮ್ಮ ಊರಿನಲ್ಲಿ ಆ ಸಮಿತಿಯನ್ನು ಆರಿಸಿದ ದಿನ ಏನು ನಡೆಯಿತು? ಚೀಟಿ ಹಾಕಿಸಿದರೋ, ಸಾಲ ಕೊಟ್ಟ ಗೌಡರ ಎದುರಿಗೇ ಕೈ ಎತ್ತಿಸಿದರೋ? ಕೇರಿಗೆ ಸಭೆಯ ಸುದ್ದಿ ಯಾವ ದಿನ ತಲುಪಿತು, ಸಭೆಗೆ ಮುಂಚೆಯೋ, ಆದ ಮೇಲೋ? ಆರಿಸಿ ಬಂದ ನಮ್ಮ ಅವ್ವಂದಿರು ಕೂತದ್ದು ಕುರ್ಚಿಯ ಮೇಲೋ, ನೆಲದ ಮೇಲೋ? ಹಳ್ಳಿಯ ಮೇಷ್ಟ್ರುಗಳು ನೋಡಿದ್ದನ್ನು ನೋಡಿದ ಹಾಗೇ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಹಾಕದೆ ಅಚ್ಚು ಮಾಡುತ್ತೇವೆ.