ನೀರು ಬಾರದ ಊರಿಗೆ ‘ಕೋರಡಾ ದಿವಸ’ದ ಉಪದೇಶ

ಮಳೆಗಾಲ ಶುರುವಾದರೆ ಸಾಕು, ಮಹಾರಾಷ್ಟ್ರದ ಊರೂರುಗಳಲ್ಲಿ ಒಂದು ಸೂಚನೆ ಹೊರಡುತ್ತದೆ: ವಾರಕ್ಕೊಮ್ಮೆ ‘ಕೋರಡಾ ದಿವಸ’, ಅಂದರೆ ಒಣ ದಿನ, ಆಚರಿಸಿ. ಮನೆಯ ಬ್ಯಾರಲ್, ಹಂಡೆ, ಟಾಕಿ, ಕೂಲರ್ ಎಲ್ಲ ಬರಿದು ಮಾಡಿ, ತಿಕ್ಕಿ ತೊಳೆದು ಒಣಗಿಸಿ. ಡೆಂಗಿ ಸೊಳ್ಳೆ ಹುಟ್ಟುವುದಿಲ್ಲ. ಶಾಸ್ತ್ರದ ಪ್ರಕಾರ ಮಾತು ಸರಿಯೇ. ಆದರೆ ಇದನ್ನು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ಮಗ್ಗದ ಕಾರ್ಮಿಕರ ಓಣಿಯಲ್ಲಿ ನಿಂತು ಹೇಳುವ ಧೈರ್ಯ ಯಾರಿಗಿದೆ? ಅಲ್ಲಿ ನಳಕ್ಕೆ ನೀರು ಬರುವುದೇ ಮೂರು-ನಾಲ್ಕು ದಿನಕ್ಕೊಮ್ಮೆ. ಪೈಪು ಒಡೆದರೆ, ಪಂಪು ಕೆಟ್ಟರೆ ವಾರವೂ ದಾಟುತ್ತದೆ. ಬುಧವಾರ ಬ್ಯಾರಲ್ ಚೆಲ್ಲಿದ ತಾಯಿ ಶನಿವಾರದ ತನಕ ಯಾವ ನೀರಿನಲ್ಲಿ ಅಕ್ಕಿ ತೊಳೆಯಬೇಕು?

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ನಮ್ಮ ನೆಲದ ಸೊಳ್ಳೆಯಲ್ಲ. ಆಫ್ರಿಕಾದಿಂದ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಕಡಲು ದಾಟಿ ಲೋಕವೆಲ್ಲ ಹಬ್ಬಿದ ಕೀಟ ಇದು. ಅದಕ್ಕೆ ಇಂದಿಗೂ ಪೀಪಾಯಿಯೇ ಬೇಕು. ಗಟಾರದ ಕೊಳೆ ನೀರು ಅದಕ್ಕೆ ಒಗ್ಗುವುದಿಲ್ಲ; ತಿಳಿಯಾದ ನಿಂತ ನೀರು, ನೆರಳು, ಹತ್ತಿರದಲ್ಲೇ ಮನುಷ್ಯರು, ಇಷ್ಟಿದ್ದರೆ ಸಾಕು. ನಮ್ಮ ಬಿಸಿಲಿಗೆ ಏಳರಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹೀಗಾಗಿ ಬರೀ ನೀರು ಚೆಲ್ಲಿದರೆ ಪ್ರಯೋಜನವಿಲ್ಲ, ಗೋಡೆ ತಿಕ್ಕಬೇಕು. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಜನರಿಗೆ ಚಿಕೂನ್‌ಗುನ್ಯಾ ಶಂಕೆಯಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು. ಅದನ್ನು ಹೊತ್ತು ತಿರುಗಿದ್ದೂ ಇದೇ ಸೊಳ್ಳೆ. 2023ರಲ್ಲಿ ಇಚಲಕರಂಜಿಯಲ್ಲಿ ಝಿಕಾ ರೋಗಿಗಳು ಪತ್ತೆಯಾದಾಗಲೂ ಬೆರಳು ಇದರತ್ತಲೇ ಹೋಯಿತು.

ಇಂಥ ಸೊಳ್ಳೆಗೆ ಆಡಳಿತ ಕೊಡುವ ಉತ್ತರ ಹೊಗೆ ಗಾಡಿ. ಸಂಜೆಗತ್ತಲಲ್ಲಿ ಗುಡುಗುಡು ಸದ್ದು ಮಾಡುತ್ತ ಬರುತ್ತದೆ, ಹುಡುಗರು ಹಿಂದೆ ಓಡುತ್ತಾರೆ, ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಈಡಿಸ್ ಕಚ್ಚುವುದು ಹಗಲಿನಲ್ಲಿ. ಉಳಿದ ಹೊತ್ತು ಅದು ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಅಂಗಿಗಳ ಹಿಂದೆ, ಮಗ್ಗದ ಶೆಡ್ಡಿನ ಕತ್ತಲ ಮೂಲೆಯಲ್ಲಿ ಆರಾಮಾಗಿರುತ್ತದೆ. ರಸ್ತೆಯ ಹೊಗೆ ಅಲ್ಲಿಗೆ ಮುಟ್ಟುವುದಿಲ್ಲ. ಹಾರಾಡುವ ನಾಲ್ಕು ಸತ್ತರೂ ಬ್ಯಾರಲ್‌ನಲ್ಲಿರುವ ಮರಿಗಳಿಗೆ ಕೂದಲೂ ಕೊಂಕುವುದಿಲ್ಲ. ರೋಗಿಯ ಮನೆಯೊಳಗೆ, ಅದರ ಸುತ್ತಮುತ್ತ ತಕ್ಷಣ ಸಿಂಪಡಿಸಿದರೆ ಉಪಯೋಗವುಂಟು, ಅದನ್ನು ಅಲ್ಲಗಳೆಯುವುದಿಲ್ಲ. ಊರ ತುಂಬ ಗಾಡಿ ಓಡಿಸುವುದು ಮಾತ್ರ ನಗರಸೇವಕರ ಪ್ರಚಾರ. ಹೊಗೆ ಕಣ್ಣಿಗೆ ಕಾಣುತ್ತದೆ, ಮುಚ್ಚಿದ ಬ್ಯಾರಲ್ ಕಾಣುವುದಿಲ್ಲ.

ಎರಡನೆಯ ಉತ್ತರ ದಂಡ. ಇದರಲ್ಲಿ ನಮ್ಮ ಕರ್ನಾಟಕವೇ ಮುಂದೆ. 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದರು. ನಗರದ ವಾಣಿಜ್ಯ ಕಟ್ಟಡಗಳಿಗೆ 1,000, ಕಟ್ಟುತ್ತಿರುವ ಕಟ್ಟಡಗಳಿಗೆ 2,000. ಬಿಲ್ಡರನ ಗುಂಡಿಗೆ ದಂಡ ಹಾಕಿ, ಬೇಡ ಎನ್ನುವವರಿಲ್ಲ. ಎರಡು ಸಾವಿರ ಅವನಿಗೆ ಚಹಾ ಖರ್ಚು. ಆದರೆ ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಮನೆಯವರ ಬ್ಯಾರಲ್‌ಗೆ ದಂಡ ಬರೆಯುವ ಕೈ, ಆ ನೀರನ್ನು ವಾರಕ್ಕೊಮ್ಮೆ ಬಿಟ್ಟವರದೇ ಅಲ್ಲವೇ? ಪೊಲೀಸ್ ಠಾಣೆಯ ಅಂಗಳದಲ್ಲಿ ಜಪ್ತಿಯಾಗಿ ಬಿದ್ದ ಗಾಡಿಗಳಲ್ಲಿ, ಬಸ್ ಡಿಪೋದ ಹಳೆ ಟೈರುಗಳಲ್ಲಿ ನಿಂತ ನೀರಿಗೆ ಚೀಟಿ ಹರಿಯುವವರು ಯಾರು?

ಇಚಲಕರಂಜಿಯ ಕಥೆಯಲ್ಲಿ ಇನ್ನೂ ಕಹಿಯಾದ ಭಾಗವಿದೆ. ಊರ ಪಕ್ಕದಲ್ಲೇ ಪಂಚಗಂಗೆ ಹರಿಯುತ್ತಾಳೆ, ಆದರೆ ಬಣ್ಣದ ಕಾರ್ಖಾನೆಗಳ ಕೊಳೆಯೂ ಮೇಲಿನ ಊರುಗಳ ಹೊಲಸೂ ಸೇರಿ ಆ ನೀರನ್ನು ಕುಡಿಯುವಂತಿಲ್ಲ. 2012ರಲ್ಲಿ ಕಾಮಾಲೆ ಹರಡಿ ಜನ ಸತ್ತರು. ಮನೆಯ ನದಿಯನ್ನು ಕೆಡಿಸಿಕೊಂಡ ಊರು ಬೇರೆಯವರ ನದಿಯ ಬಾಗಿಲು ತಟ್ಟತೊಡಗಿತು. ಕೃಷ್ಣೆಯ ಪೈಪು ಪದೇಪದೇ ಸೋರುತ್ತದೆ. ವಾರಣೆಯಿಂದ ತರುತ್ತೇವೆಂದಾಗ ಆ ನದಿಯ ದಡದ ದಾನೋಳಿಯವರು ಅಡ್ಡ ನಿಂತರು. ಸುಳಕೂಡದ ಬಳಿ ದೂಧಗಂಗೆಯಿಂದ ತರುವ ಯೋಜನೆ ಮಂಜೂರಾದಾಗ ಕಾಗಲ ತಾಲೂಕಿನವರು ವಿರೋಧಿಸಿ ಎದ್ದರು. ಗಡಿಯ ಈಚೆ, ಅದೇ ಹೊಳೆಯನ್ನು ನಂಬಿದ ನಮ್ಮ ನಿಪ್ಪಾಣಿ-ಚಿಕ್ಕೋಡಿ ಸೀಮೆಯ ರೈತರಿಗೂ ಆತಂಕವಾಯಿತು. ಅವರ ಆತಂಕ ಸುಳ್ಳಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಮೊದಲು ಒಣಗುವುದು ಅವರ ಕಬ್ಬು. ನಾನಂತೂ ಇದರಲ್ಲಿ ರೈತರ ಪಕ್ಷ. ಪಂಚಗಂಗೆಯನ್ನು ಶುದ್ಧಗೊಳಿಸದೆ ಇನ್ನೊಂದು ನದಿ ಕೇಳುವ ಹಕ್ಕು ಕಾರ್ಖಾನೆದಾರರ ಊರಿಗೆ ಇಲ್ಲ. ಆ ಕೊಳೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರಿ ನಮ್ಮ ಕಡೆಗೇ ಹರಿದು ಬರುತ್ತದೆ. ಆದರೆ ಈ ಜಗಳದಲ್ಲಿ ಹನ್ನೆರಡು ತಾಸಿನ ಪಾಳಿ ಮುಗಿಸಿ ನಡುರಾತ್ರಿ ನಳಕ್ಕೆ ಕಾಯುವ ಮಗ್ಗದವನ ತಪ್ಪೇನು? ಬ್ಯಾರಲ್ ತುಂಬಿಡುವುದು ಅವನ ಚಟವಲ್ಲ, ನಿರುಪಾಯ.

ದಂಡವೇ ಬೇಡವೆಂದಲ್ಲ. 1901ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಾಸ್ ಇದೇ ಸೊಳ್ಳೆಯ ಬೆನ್ನು ಹತ್ತಿ, ಆ ವರ್ಷವೇ ಹಳದಿ ಜ್ವರವನ್ನು ಊರು ಬಿಡಿಸಿದ. ಅವನೂ ದಂಡ ಹಾಕುತ್ತಿದ್ದ. ಆದರೆ ಅವನ ಆಳುಗಳು ಮನೆಮನೆ ಹೊಕ್ಕು ನೀರಿನ ಪೀಪಾಯಿಗಳಿಗೆ ಜಾಳಿಗೆಯನ್ನೂ ಹಾಕುತ್ತಿದ್ದರು. ನಮ್ಮಲ್ಲಿ ದಂಡ ಉಳಿಯಿತು, ಜಾಳಿಗೆ ಮರೆತುಹೋಯಿತು.

ಇಚಲಕರಂಜಿ ದಿನಕ್ಕೆ ಲಕ್ಷಾಂತರ ಮೀಟರ್ ಬಟ್ಟೆ ನೇಯುವ ಊರು. ಬ್ಯಾರಲ್ ಬಾಯಿಗೆ ಬಿಗಿದು ಕಟ್ಟಲು ಒಂದು ಮೀಟರ್ ತೆಳು ಬಟ್ಟೆ, ಒಂದು ರಬ್ಬರ್ ಪಟ್ಟಿ, ಮುಚ್ಚಲಾಗದ ನೆಲಟಾಕಿಗೆ ಗಪ್ಪಿ ಮೀನು: ಇವನ್ನು ಮನೆಮನೆಗೆ ಹಂಚಲು ಹೊಗೆ ಗಾಡಿಯ ಡೀಸೆಲ್ ದುಡ್ಡು ಸಾಕಾಗಬಹುದು. ನೀರು ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆಂದು ಮಹಾನಗರಪಾಲಿಕೆ ಓಣಿಯ ಗೋಡೆಗೆ ಬರೆದು ಆ ಮಾತು ಉಳಿಸಿಕೊಳ್ಳಲಿ. ಆಮೇಲೆ ‘ಕೋರಡಾ ದಿವಸ’ದ ಮಾತಾಡಲಿ. ಅಲ್ಲಿಯವರೆಗೆ ನಿಮ್ಮ ಓಣಿಗೆ ಹೊಗೆ ಗಾಡಿ ಬಂದರೆ ತಡೆದು, ನಳಕ್ಕೆ ನೀರು ಎಂದು ಬರುತ್ತದೆಂದು ಕೇಳಿ. ದಂಡದ ಚೀಟಿ ತಂದವನನ್ನೂ ಅದನ್ನೇ ಕೇಳಿ.