ಮೊಣಕಾಲು ಎತ್ತುವ ಪಾಠ

ಪೊಲೀಸ್ ತರಬೇತಿ ಶಾಲೆಯ ಮೈದಾನದಲ್ಲಿ ನಾನು ಹದಿನೇಳು ವರ್ಷ ಹುಡುಗರಿಗೆ ಕೈ ತಿರುಚುವುದನ್ನು ಕಲಿಸಿದ್ದೇನೆ. ನನ್ನನ್ನು ಬೋಧಕನನ್ನಾಗಿ ಮಾಡಿದ್ದೇಕೆ ಗೊತ್ತೆ? ನಾನು ಗರಡಿಯಲ್ಲಿ ಬೆಳೆದವನು, ಜಾತ್ರೆಯ ಕುಸ್ತಿಯಲ್ಲಿ ಒಂದೆರಡು ಬೆಳ್ಳಿ ಕಡಗ ಗೆದ್ದವನು. ಅಷ್ಟೇ. ಕಲಿಸುವುದು ಹೇಗೆಂದು ನನಗೆ ಒಂದು ದಿನವೂ ಯಾರೂ ಕಲಿಸಲಿಲ್ಲ.

ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು, ಎದ್ದು ಕೈಕುಲುಕಬೇಕು. ನಾನು ಪೊಲೀಸ್ ಹುಡುಗರಿಗೆ ಕಲಿಸಿದ್ದು ಇದರ ತಿರುಗುಮುರುಗು. ಬೋರಲು ಕೆಡವು, ಬೆನ್ನ ಮೇಲೆ ಮೊಣಕಾಲೂರು, ಕೈ ಹಿಂದಕ್ಕೆ ತಂದು ಕೋಳ ಹಾಕು. ಆಮೇಲೆ? ಆಮೇಲಿನದು ನನ್ನ ಪಾಠದಲ್ಲಿ ಇರಲೇ ಇಲ್ಲ.

ನಿವೃತ್ತನಾದ ಮೇಲೆ ಒಂದು ದೀಪಾವಳಿಗೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಕುಡಿದು ಗಲಾಟೆ ಮಾಡುತ್ತಿದ್ದವನನ್ನು ಇವನೂ ಇನ್ನಿಬ್ಬರೂ ಕೆಡವಿದ್ದರಂತೆ. ಕೋಳ ಬಿದ್ದಿದೆ, ಇವನ ಮೊಣಕಾಲು ಬೆನ್ನ ಮೇಲೇ ಇದೆ. ಆ ಮನುಷ್ಯ 'ಉಸಿರು ಕಟ್ತದೆ ಸ್ವಾಮಿ' ಅಂದ. ಮಾತಾಡ್ತಾನಲ್ಲ, ಉಸಿರಿದೆ ಬಿಡು ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಸುಮ್ಮನಾದ. ತಣ್ಣಗಾದ ಎಂದುಕೊಂಡರು. ಹೂ ಮಾರುವ ಮುದುಕಿಯೊಬ್ಬಳು 'ಏಳ್ರಪ್ಪಾ, ಹೋಗ್ತಾನೆ ಅವ್ನು' ಎಂದು ಕಿರುಚಿದ್ದರಿಂದ ಬಡಪಾಯಿ ಬದುಕಿಕೊಂಡ. ಶಿಷ್ಯ ಕಾಫಿ ಲೋಟ ಕೆಳಗಿಟ್ಟು, 'ಯಾವಾಗ ಏಳಬೇಕು ಅಂತ ನೀವು ಹೇಳಿಕೊಟ್ಟಿರಲಿಲ್ಲ ಸಾರ್' ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಕುಳಿತು ಓದಿದೆ. ಉಸಿರಾಡಲು ಎದೆ, ಹೊಟ್ಟೆ ಎರಡೂ ಹಿಗ್ಗಬೇಕು. ಬೋರಲು ಮಲಗಿಸಿ ಮೇಲೆ ಭಾರ ಹಾಕಿದರೆ ಹಿಗ್ಗಲು ಜಾಗವೆಲ್ಲಿ? ಗಾಳಿಗಾಗಿ ಅವನು ಒದ್ದಾಡುತ್ತಾನೆ. ನಾವು ಅದನ್ನು ಪ್ರತಿಭಟನೆ ಎಂದು ತಿಳಿದು ಇನ್ನೂ ಅದುಮುತ್ತೇವೆ. ಕೋಳ ಹಾಕಿದೊಡನೆ ಬೋರಲಿನಿಂದ ಹೊರಳಿಸಿ ಎಂದು ಅಮೆರಿಕದ ನ್ಯಾಯ ಇಲಾಖೆ 1995ರಲ್ಲೇ ಪೊಲೀಸರಿಗೆ ಅಚ್ಚು ಹಾಕಿಸಿ ತಿಳಿಸಿತ್ತು. ಆದರೂ 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಮೊಣಕಾಲಿತ್ತು. ಅಲ್ಲಿದ್ದ ಹೊಸ ಹುಡುಗನೊಬ್ಬ, ಮಗ್ಗುಲಿಗೆ ಹೊರಳಿಸೋಣವೇ ಎಂದು ಕೇಳಿದ. ಹಿರಿಯ ಬೇಡವೆಂದ. ಆ ಹಿರಿಯ ಯಾರು? ಹೊಸಬರಿಗೆ ಕೆಲಸ ಕಲಿಸಲು ನೇಮಿಸಿದ್ದವನು! ಅದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ಬಿಗಿ ಕೂಡದೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 49ನೇ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 46ನೆಯದೂ ಅದನ್ನೇ ಹೇಳುತ್ತದೆ. ಒಳಾಂಗಣದ ಮೇಷ್ಟ್ರು ಅದನ್ನು ಬಾಯಿಪಾಠ ಮಾಡಿಸುತ್ತಾರೆ, ಹೊರಾಂಗಣದಲ್ಲಿ ನನ್ನಂಥವನು ಮೊಣಕಾಲು ಊರಿಸುತ್ತಾನೆ. ಇಬ್ಬರೂ ಒಮ್ಮೆಯೂ ಕೂತು ಮಾತಾಡಿದ್ದಿಲ್ಲ.

ಮಚ್ಚು ಹಿಡಿದು ಬರುವವನಿಗೆ ಮಂಗಳಾರತಿ ಎತ್ತಬೇಕೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಬೇಡ ಮಾರಾಯರೇ. ಅವನನ್ನು ಕೆಡವಲೇಬೇಕು, ಪೇದೆಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಆದರೆ ಪಟ್ಟು ಸರಿಯಾಗಿ ಗೊತ್ತಿಲ್ಲದವನೇ ಹೆದರಿ ಲಾಠಿ ಎತ್ತುವುದು, ಹೆದರಿದವನೇ ಮೇಲೇಳದೆ ಕೂರುವುದು. ಪಟ್ಟನ್ನು ವಾರಗಟ್ಟಲೆ ತಿದ್ದಬೇಕು. ಕೋಳ ಬಿದ್ದ ಕ್ಷಣ ಎದ್ದು ಮಗ್ಗುಲಿಗೆ ಹೊರಳಿಸುವುದು ಕೈಕಾಲಿಗೆ ತಾನಾಗಿ ಬರಬೇಕು. 'ಸಾರ್, ಏಳಿ' ಎಂದು ಕಿರಿಯನು ಹಿರಿಯನಿಗೆ ಹೇಳುವುದನ್ನೂ ಮೈದಾನದಲ್ಲೇ ಅಭ್ಯಾಸ ಮಾಡಿಸಬೇಕು. ಇದನ್ನೆಲ್ಲ ಕಲಿಸಬೇಕಾದವನಿಗೆ ಮೊದಲು ಯಾರಾದರೂ ಕಲಿಸಬೇಕಲ್ಲ? ಮೈಕಟ್ಟು ನೋಡಿ ಸೀಟಿ ಕೊಟ್ಟು ನಿಲ್ಲಿಸಿದರೆ ಅವನು ತನ್ನ ಮೈಗೆ ಗೊತ್ತಿರುವುದನ್ನಷ್ಟೇ ಕಲಿಸುತ್ತಾನೆ. ನಾನು ಮಾಡಿದ್ದೂ ಅದನ್ನೇ.

ಕಳೆದ ತಿಂಗಳು ಅದೇ ಶಿಷ್ಯ ಫೋನ್ ಮಾಡಿದ್ದ. ಅವನನ್ನೀಗ ಬೋಧಕನನ್ನಾಗಿ ಹಾಕಿದ್ದಾರಂತೆ. ಯಾವ ತರಬೇತಿ ಕೊಟ್ಟರಪ್ಪ ಎಂದು ಆಸೆಯಿಂದ ಕೇಳಿದೆ. ಏನೂ ಇಲ್ಲವಂತೆ; ಜಿಲ್ಲಾ ಕಬಡ್ಡಿ ತಂಡದಲ್ಲಿ ಆಡಿದ್ದನಂತೆ.