ಐದಾರು ಸೈಕಲ್ಲು, ಒಂದು ನದಿ

ವರ್ಷಕ್ಕೊಮ್ಮೆ ಕಡಲ ದಂಡೆಯಲ್ಲಿ ಇನ್ನೂರು ಮುನ್ನೂರು ಸದಸ್ಯರ ಸೈಕಲ್ ಜಾಥಾ ನಡೆಸಬೇಕು, ಎಲ್ಲರೂ ಹಳದಿ-ಕೆಂಪು ಅಂಗಿ ತೊಡಬೇಕು, ಮುಂದೆ ಬಾವುಟ ಹಿಡಿಯಬೇಕು ಎಂಬ ಸಲಹೆಯೊಂದು ಕೂಟದ ಮುಂದಿದೆ. ಅದರ ಹಿಂದಿರುವ ಉತ್ಸಾಹವನ್ನು ನಾವು ಗೌರವಿಸುತ್ತೇವೆ. ಆದರೂ ವಾರಾಂತ್ಯಗಳಲ್ಲಿ ಮಕ್ಕಳೊಡನೆ ಸೈಕಲ್ ತುಳಿಯುವ ಕೆಲವು ಕುಟುಂಬಗಳಾದ ನಮಗೆ ಈ ಸಲಹೆ ಒಪ್ಪಿಗೆಯಾಗಿಲ್ಲ. ಜಾಥಾ ಬೇಡ, ಕಡಲ ದಂಡೆಯೂ ಬೇಡ. ಐದಾರು ಸೈಕಲ್ಲುಗಳ ಸಣ್ಣ ಸಣ್ಣ ತಂಡಗಳಾಗಿ ಸ್ಯಾನ್ ಲೂಯಿಸ್ ರೇ ನದಿಯ ಕಣಿವೆಗೆ ಹೋಗೋಣ ಎಂಬುದು ನಮ್ಮ ಮಾತು.

ಈ ನದಿ ನಮಗಾರಿಗೂ ಅಪರಿಚಿತವಲ್ಲ. ನಾವು ಅದನ್ನು ನೋಡಿಲ್ಲ, ಅಷ್ಟೆ. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೊದ ಯುಗಾದಿಗೆ, ಅಲ್ಲಿಂದ ಇಲ್ಲಿಯ ರಾಜ್ಯೋತ್ಸವಕ್ಕೆ ಓಡಾಡುವಾಗ ಐ-5ರಲ್ಲಾದರೂ ಐ-15ರಲ್ಲಾದರೂ ಇದನ್ನು ದಾಟಲೇಬೇಕು. ಗಂಟೆಗೆ 70 ಮೈಲಿಯ ವೇಗದಲ್ಲಿ ಸೇತುವೆ ಕಳೆದುಹೋಗುತ್ತದೆ. ಹಿಂದಿನ ಆಸನದ ಮಗು ಫೋನಿನಿಂದ ತಲೆ ಎತ್ತುವುದರೊಳಗೆ ನದಿ ಹಿಂದುಳಿದಿರುತ್ತದೆ. ನಮ್ಮ ಮಕ್ಕಳಿಗೆ ರಜೆಯಲ್ಲಿ ನೋಡಿದ ಹಂಪಿಯ ತುಂಗಭದ್ರೆ ಗೊತ್ತು, ತಮ್ಮದೇ ಜಿಲ್ಲೆಯ ನದಿ ಗೊತ್ತಿಲ್ಲ.

ಎರಡು ನಗರಗಳ ಸದಸ್ಯರೂ ಕಾರಿಲ್ಲದೆ ಬಂದು ಸೇರಬಹುದಾದ ಸ್ಥಳ ಓಷನ್‌ಸೈಡ್. ಉತ್ತರದಿಂದ ಮೆಟ್ರೋಲಿಂಕ್, ದಕ್ಷಿಣದಿಂದ ಕೋಸ್ಟರ್, ಎರಡೂ ರೈಲುಗಳಲ್ಲಿ ಸೈಕಲ್ ಒಯ್ಯಬಹುದು. ಸ್ಯಾನ್ ಕ್ಲೆಮೆಂಟಿಯ ಬಳಿ ಗುಡ್ಡ ಕುಸಿದು ಹಳಿ ಕೆಲವು ಸಲ ಮುಚ್ಚಿದ್ದುಂಟು, ಆದುದರಿಂದ ಉತ್ತರದವರು ಹೊರಡುವ ಮುನ್ನ ವೇಳಾಪಟ್ಟಿ ನೋಡಿಕೊಳ್ಳುವುದು ಕ್ಷೇಮ. ನಿಲ್ದಾಣದಿಂದ ಅನತಿ ದೂರದಲ್ಲಿಯೇ ನದಿಯ ಪಕ್ಕದ ಸೈಕಲ್ ಹಾದಿ ಆರಂಭವಾಗುತ್ತದೆ. ಸುಮಾರು ಒಂಬತ್ತು ಮೈಲಿ, ಉದ್ದಕ್ಕೂ ಟಾರು, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಏರು ಎಂಬುದು ಹೆಸರಿಗೆ ಮಾತ್ರ. ಎಂಟು ವರ್ಷದ ಮಗುವೂ ತುಳಿಯಬಲ್ಲದು. ಪ್ರವಾಹ ತಡೆಯಲೆಂದು ಕಟ್ಟಿದ ಏರಿಯ ಮೇಲೆ ಹಾದಿ ಸಾಗುವುದರಿಂದ ಕೆಳಗಿನ ಹೊಂಗೆ ಹಸಿರಿನ ವಿಲೋ ಪೊದೆಗಳು ಚೆನ್ನಾಗಿ ಕಾಣುತ್ತವೆ. ಅಳಿವಿನ ಅಂಚಿನಲ್ಲಿರುವ ಲೀಸ್ಟ್ ಬೆಲ್ಸ್ ವಿರಿಯೊ ಎಂಬ ಪುಟ್ಟ ಹಕ್ಕಿ ಆ ಪೊದೆಗಳಲ್ಲಿ ಗೂಡು ಕಟ್ಟುತ್ತದೆ. ಒಂದೇ ಎಚ್ಚರಿಕೆ: ಮಧ್ಯಾಹ್ನ ಕಡಲ ಗಾಳಿ ಬೀಸತೊಡಗುತ್ತದೆ, ಆಗ ಮರಳುವ ಹಾದಿಯೆಲ್ಲ ಎದುರುಗಾಳಿ. ಬೆಳಗ್ಗೆಯೇ ಹೊರಟುಬಿಡಬೇಕು.

ಇದಕ್ಕಿಂತ ಹೆಚ್ಚಿನ ಶ್ರಮ ಬಯಸುವವರಿಗೆ ಒಳನಾಡಿನ ಗುಡ್ಡಗಳಿವೆ. ಓಲ್ಡ್ ಹೈವೇ 395ರಿಂದ ಓಲ್ಡ್ ಕ್ಯಾಸಲ್ ರಸ್ತೆ ಹಿಡಿದು ಲೈಲಾಕ್ ರಸ್ತೆಗೆ ಏರಿ, ಅಲ್ಲಿಂದ ಕೌಸರ್ ಕ್ಯಾನ್ಯನ್ ರಸ್ತೆಯಲ್ಲಿ ನದಿಯತ್ತ ಇಳಿಯಬಹುದು. ಅಂಚುಪಟ್ಟಿಯಿಲ್ಲದ ಕಿರುದಾರಿ, ಇಕ್ಕೆಲಗಳಲ್ಲಿ ಬೆಣ್ಣೆಹಣ್ಣಿನ ಮತ್ತು ಕಿತ್ತಳೆಯ ತೋಟಗಳು, ತಿರುವಿನ ಮೇಲೆ ತಿರುವು. ಸಕಲೇಶಪುರದ ಕಡೆಯವರಾದ ನಮ್ಮಲ್ಲೊಬ್ಬರು ಅಲ್ಲಿ ಸೈಕಲ್ ನಿಲ್ಲಿಸಿ ಬಹಳ ಹೊತ್ತು ಮಾತನಾಡಲಿಲ್ಲ. ಅರ್ಧ ಗಂಟೆಯಲ್ಲಿ ನಮ್ಮನ್ನು ದಾಟಿದ್ದು ಎರಡೇ ಕಾರು.

ಆದರೆ ಕೌಸರ್ ಕ್ಯಾನ್ಯನ್ ಕೊನೆಗೊಳ್ಳುವುದು ಹೆದ್ದಾರಿ 76ರಲ್ಲಿ. ಅಲ್ಲಿಯೇ ಹಿಂದಿರುಗಿ, ಇಳಿದುದನ್ನೆಲ್ಲ ಮತ್ತೆ ಏರಬೇಕು. ನಕ್ಷೆಯಲ್ಲಿ ಪಾಲ ಊರು ಕೆಲವೇ ಮೈಲಿ ಎಂದು ಕಂಡು ಒಮ್ಮೆ ನಾವು ಹೆದ್ದಾರಿಗೇ ಇಳಿದೆವು. ಮೊಳಕೈಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಲಾರಿಯೊಂದು ಸರಿದುಹೋಯಿತು. ನಮ್ಮ ಗುಂಪಿನ ಹದಿನಾಲ್ಕರ ಹುಡುಗಿ ಹಳ್ಳದ ಅಂಚಿನ ಜಲ್ಲಿಯ ಮೇಲೆ ಬಿದ್ದಳು. ಮಂಡಿ ತರಚಿತು, ಅಷ್ಟೇ ಆದದ್ದು. ಸೈಕಲ್ಲನ್ನು ದಾಟುವಾಗ ಮೂರಡಿ ಅಂತರವಿರಬೇಕೆಂಬ ನಿಯಮ ಕ್ಯಾಲಿಫೋರ್ನಿಯದಲ್ಲಿ 2014ರಿಂದ ಜಾರಿಯಲ್ಲಿದೆ. 2023ರಿಂದ ಸಾಧ್ಯವಿರುವೆಡೆ ಪಕ್ಕದ ಪಥಕ್ಕೇ ಸರಿದು ದಾಟಬೇಕು. ಕಾನೂನು ನಮ್ಮ ಪರವಾಗಿದ್ದರೂ ಕಿರಿದಾದ ಹೆದ್ದಾರಿಯ ತಿರುವಿನಲ್ಲಿ ಅದನ್ನು ನೆಚ್ಚಿ ಮಕ್ಕಳನ್ನು ಬಿಡಲಾಗದು. ತಪ್ಪು ನಮ್ಮದೇ. ಆ ದಿನದಿಂದ ದೂರ ಎಷ್ಟು, ನೋಟ ಹೇಗಿದೆ ಎಂದು ಕೇಳುವ ಮುನ್ನ ಕಾರುಗಳೆಷ್ಟು ಎಂದು ಕೇಳಿಯೇ ನಾವು ರಸ್ತೆಯನ್ನು ಆರಿಸುತ್ತೇವೆ. ಪಾಲಕ್ಕೆ ಹೋಗುವುದಿದ್ದರೆ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಹೋಗುತ್ತೇವೆ.

ಪಾಲಕ್ಕೆ ಹೋಗಲೇಬೇಕು. ಓಷನ್‌ಸೈಡಿನ ಸ್ಯಾನ್ ಲೂಯಿಸ್ ರೇ ಮಿಷನ್ 1798ರಲ್ಲಿ ಸ್ಥಾಪನೆಯಾಯಿತು. ಅದರ ಶಾಖೆಯಾಗಿ ಪಾಲದಲ್ಲಿ 1816ರಲ್ಲಿ ಮತ್ತೊಂದು ಚರ್ಚು ಎದ್ದಿತು. ಇವನ್ನು ದುಡಿದು ಕಟ್ಟಿದವರು ಈ ಕಣಿವೆಯ ಮೂಲನಿವಾಸಿಗಳು. ತಮ್ಮನ್ನು ಪಯೋಮ್‌ಕವಿಚುಮ್ ಎಂದು ಕರೆದುಕೊಳ್ಳುತ್ತಿದ್ದ ಅವರಿಗೆ ಮಿಷನ್ನಿನ ಹೆಸರೇ ಅಂಟಿ ಲುಯಿಸೆನ್ಯೊ ಎಂದಾಯಿತು. ಪಾಲದ ಗಂಟೆಗೋಪುರ ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿಯೇ ನಿಂತಿದೆ. 1916ರ ಮಹಾಪೂರದಲ್ಲಿ ಅದು ಉರುಳಿತು, ಜನರು ಮತ್ತೆ ಎಬ್ಬಿಸಿದರು.

ಅದೇ ಪಾಲಕ್ಕೆ 1903ರ ಮೇ ತಿಂಗಳಿನಲ್ಲಿ ಕುಪೆನ್ಯೊ ಜನರನ್ನು ಗಾಡಿಗಳಲ್ಲಿ ಸಾಗಿಸಿ ತಂದರು. ಕುಪಾ ಎಂಬ ಬಿಸಿನೀರಿನ ಬುಗ್ಗೆಗಳ ಊರು ಅವರದು, ಇಂದಿನ ವಾರ್ನರ್ ಸ್ಪ್ರಿಂಗ್ಸ್. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1901ರಲ್ಲಿ ಅವರ ವಿರುದ್ಧ ತೀರ್ಪಿತ್ತಿತ್ತು. ಊರು ಬಿಟ್ಟು ಸುಮಾರು 40 ಮೈಲಿ ಬರಬೇಕಾಯಿತು. ಹಳೆಯ ಬಾಗಲಕೋಟೆಯಿಂದ ಎದ್ದು ನವನಗರಕ್ಕೆ ಬಂದ ಮನೆತನದವರು ನಮ್ಮ ಕೂಟದಲ್ಲಿದ್ದಾರೆ. ಕನ್ನಂಬಾಡಿ ಎಂದರೆ ಅಣೆಕಟ್ಟು ಮಾತ್ರವಲ್ಲ, ಅದರ ನೀರಿನಡಿ ಮುಳುಗಿದ ಊರೂ ಹೌದು ಎಂದು ಅಜ್ಜಿಯಿಂದ ಕೇಳಿ ಬೆಳೆದವರಿದ್ದಾರೆ. ಇಂಥವರಿಗೆ ಪಾಲದ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಕಥೆಯೂ ಹಾಗೆಯೇ. 1890ರ ದಶಕದಲ್ಲಿ ಕಾಲುವೆ ತೋಡಿ ಈ ನದಿಯ ನೀರನ್ನು ಎಸ್ಕಾಂಡಿಡೊ ಕಡೆಗೆ ತಿರುಗಿಸಿದರು. 1922ರಲ್ಲಿ ಮೇಲ್ಭಾಗದಲ್ಲಿ ಹೆನ್‌ಷಾ ಅಣೆಕಟ್ಟು ಬಂತು. ಕೆಳಗಿನ ಮೂಲನಿವಾಸಿಗಳ ಪಾಲಿಗೆ ನದಿ ಬತ್ತಿತು. ಪಾಲ, ಪೌಮಾ, ರಿಂಕನ್, ಲಾ ಹೋಯ, ಸ್ಯಾನ್ ಪಾಸ್ಕಲ್ ಎಂಬ ಐದು ಪಂಗಡಗಳು ದಶಕಗಳ ಕಾಲ ಹೋರಾಡಿದವು. 1988ರಲ್ಲಿ ಕಾಂಗ್ರೆಸ್ ವರ್ಷಕ್ಕೆ 16,000 ಎಕರೆ-ಅಡಿ ನೀರು ಒದಗಿಸುವ ಕಾಯಿದೆ ಮಾಡಿತಾದರೂ ಒಪ್ಪಂದ ಪೂರ್ಣವಾಗಿ ಜಾರಿಗೆ ಬಂದದ್ದು 2017ರಲ್ಲಿ. 1892 ಮತ್ತು 1924ರ ಕಾವೇರಿ ಒಪ್ಪಂದಗಳನ್ನು ಊಟದ ಮೇಜಿನಲ್ಲಿ ಈಗಲೂ ಬಿಸಿಬಿಸಿಯಾಗಿ ಚರ್ಚಿಸುವ ನಾವು ಮನೆಯ ಪಕ್ಕದ ಈ ವ್ಯಾಜ್ಯವನ್ನು ಕೇಳಿಯೇ ಇರಲಿಲ್ಲ ಎಂಬುದು ನಾಚಿಕೆಯ ಸಂಗತಿ.

ಈ ಕಣಿವೆ ಸುಮ್ಮನೆ ಶಾಂತವಾಗಿ ಉಳಿದಿಲ್ಲ. ಪಾಲದ ಸಮೀಪ ಗ್ರೆಗರಿ ಕ್ಯಾನ್ಯನ್ನಿನಲ್ಲಿ, ನದಿಯ ಮಗ್ಗುಲಲ್ಲೇ, ಕಸ ಸುರಿಯುವ ನೆಲೆ ಬರಬೇಕೆಂಬ ಯೋಜನೆ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ತೂಗಾಡಿತು. ಮೇಲಿನ ಬೆಟ್ಟ ಲುಯಿಸೆನ್ಯೊ ಜನರಿಗೆ ಪವಿತ್ರ. ಕೊನೆಗೆ 2016ರಲ್ಲಿ ಪಾಲ ಪಂಗಡದವರು ಆ ಜಮೀನಿನ ಸುಮಾರು 700 ಎಕರೆಯನ್ನು ತಾವೇ ಕೊಂಡು ಯೋಜನೆಗೆ ತೆರೆ ಎಳೆದರು. ಮರುವರ್ಷದ ಡಿಸೆಂಬರಿನಲ್ಲಿ ಲೈಲಾಕ್ ಬೆಂಕಿ 4,100 ಎಕರೆ ಸುಟ್ಟಿತು.

ಇಂಥ ಕಡೆಗೆ ಮುನ್ನೂರು ಜನ ಧ್ವನಿವರ್ಧಕದೊಡನೆ ಹೋದರೆ ಉಳಿಯುವುದೇನು? ಕೌಸರ್ ಕ್ಯಾನ್ಯನ್ ರಸ್ತೆ ಅಲ್ಲಿನ ತೋಟದವರ ಮನೆಯಂಗಳವೂ ಹೌದು. ಆರು ಸೈಕಲ್ಲುಗಳಿಗೆ ಅವರು ಕೈಬೀಸುತ್ತಾರೆ, ಅರವತ್ತಕ್ಕೆ ಬೀಸಲಾರರು. ಸಣ್ಣ ತಂಡವಾದರೆ ಕೂಟದ ಬಲ ಕಾಣುವುದಿಲ್ಲ, ಚಿತ್ರ ಚೆನ್ನಾಗಿ ಬರುವುದಿಲ್ಲ ಎಂಬ ಆಕ್ಷೇಪಣೆಯನ್ನು ನಾವು ಕೇಳಿದ್ದೇವೆ. ಚಿತ್ರಕ್ಕೆ ರಾಜ್ಯೋತ್ಸವದ ವೇದಿಕೆಯಿದೆ. ಸಭಾಂಗಣದಲ್ಲಿ ಒಂದು ಮೂಲೆಗೆ ಸರಿದು ಮೌನವಾಗಿ ಕೂರುವ ನಮ್ಮ ಹರೆಯದ ಮಕ್ಕಳು ಏರು ಹತ್ತುವಾಗ ಅಕ್ಕಪಕ್ಕದಲ್ಲಿ ತಾವಾಗಿಯೇ ಮಾತಿಗೆ ತೊಡಗುತ್ತಾರೆ, ಅದೂ ಎಷ್ಟೋ ಸಲ ಕನ್ನಡದಲ್ಲಿ. ಇದನ್ನು ನಾವು ಕಂಡಿದ್ದೇವೆ. ಜಾಥಾದ ಗದ್ದಲದಲ್ಲಿ ಅದು ಸಾಧ್ಯವಿಲ್ಲ.

ಊರಿನಿಂದ ಬಂದಿರುವ ತಂದೆತಾಯಿಗಳನ್ನು ಮನೆಯಲ್ಲಿ ಬಿಟ್ಟು ಹೋಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದು. ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ತಲೆಮಾರು ಅದು. ಬ್ಯಾಟರಿ ಸೈಕಲ್ ಕೊಟ್ಟರೆ ನದಿಯ ಹಾದಿಯಲ್ಲಿ ನಮ್ಮನ್ನೇ ಹಿಂದಿಕ್ಕಿದ ಅಜ್ಜಂದಿರಿದ್ದಾರೆ. ತುಳಿಯಲಾಗದವರು ಕಾರಿನಲ್ಲಿ ಮಿಷನ್ನಿಗೆ ಬಂದು 1830ರಲ್ಲಿ ನೆಟ್ಟ, ಮೆಣಸಿನ ಮರವೆಂದು ಕರೆಯಲಾಗುವ ಹಳೆಯ ಮರವನ್ನು ನೋಡಬಹುದು. ಅಲ್ಲಿಂದ ಗ್ವಾಹೋಮೆ ಉದ್ಯಾನ ಹತ್ತಿರ, ನೆರಳಿದೆ, ಮೇಜುಗಳಿವೆ. ಚಿತ್ರಾನ್ನ, ಮೊಸರನ್ನದ ಡಬ್ಬಿಗಳು ಆ ಕಾರಿನಲ್ಲಿಯೇ ಬರಲಿ. ಹದಿನೆಂಟು ತುಂಬದವರಿಗೆ ಹೆಲ್ಮೆಟ್ ಕಾನೂನಿನಂತೆ ಕಡ್ಡಾಯ, ನಮ್ಮ ತಂಡದಲ್ಲಿ ಎಲ್ಲರಿಗೂ ಕಡ್ಡಾಯ. ತಲಾ ಎರಡು ಬಾಟಲಿ ನೀರು. ಹೆಸರು ಕೊಟ್ಟವರು ಆರಕ್ಕಿಂತ ಹೆಚ್ಚಾದರೆ ಎರಡನೆಯ ತಂಡ ಮುಂದಿನ ಶನಿವಾರ ಹೊರಡುತ್ತದೆ.